ಪ್ರಸ್ಥಾನದ ಗಂಟು

ಈ ಕಥೆಯನ್ನು ಮೊದಲು ಹೇಳಿದವರು ಕಮಲಾಪುರದ ಸಕ್ಕೂಬಾಯಿ. ಹೇಳಿದ್ದು ೨೦೦೩ನೆಯ ಇಸವಿಯ ಮಾಘ ಮಾಸದ ಒಂದು ಮಧ್ಯಾಹ್ನ, ಪಡಸಾಲೆಯಲ್ಲಿ ಹೊಸ ತೊಗರಿಬೇಳೆ ಹಸನು ಮಾಡುತ್ತ. ಕೇಳಿದವರು ಅದೇ ಓಣಿಯ ದುಂಡಮ್ಮ, ಭೀಮಬಾಯಿ, ಮತ್ತೆ ಮೊರ ಹಿಡಿದು ಬಂದು ಕೂತಿದ್ದ ಇನ್ನಿಬ್ಬರು ಹೆಂಗಸರು. ಕಥೆ ಸಕ್ಕೂಬಾಯಿಯ ತಮ್ಮ ಬಂಡೂರಾಯನದು, ನಡೆದದ್ದು ಅದಕ್ಕೆ ಎರಡು ಬೇಸಿಗೆ ಹಿಂದೆ. ತಮ್ಮನ ಮನಸ್ಸಿನೊಳಗೆ ಕೂತು ನೋಡಿದವರಂತೆ ಆಕೆ ಹೇಳಿದರು. ಯಾಕೆಂದರೆ ಒಂದು ದೀಪಾವಳಿಗೆ ಬಂದವನು ಎಲ್ಲವನ್ನೂ ಅಕ್ಕನ ಮುಂದೆ ಸುರಿದು, ಫಳಾರವನ್ನೂ ಮುಟ್ಟದೆ ಎದ್ದು ಹೋಗಿದ್ದ.

ಆ ಗುರುವಾರ ಬೆಳಿಗ್ಗೆ ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಬಂಡುವಿನ ತೊಡೆಯ ಮೇಲೆ ಹಳದಿ ವಸ್ತ್ರದ ಗಂಟೊಂದಿತ್ತು. ಅದನ್ನು ಎರಡು ಕೈಯಿಂದಲೂ ಹಿಡಿದಿದ್ದ, ಮಲಗಿದ ಮಗುವನ್ನು ಹಿಡಿದ ಹಾಗೆ. ಪಕ್ಕದಲ್ಲಿ ಕೂತ ರೈತನೊಬ್ಬ ಎರಡು ಸಲ ಗಂಟಿನ ಕಡೆ, ಒಂದು ಸಲ ಇವನ ಮುಖದ ಕಡೆ ನೋಡಿದಾಗ ಬಂಡುವಿಗೆ ಸಣ್ಣ ನಾಚಿಕೆಯಾಯಿತು: ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವವನು, ಹೈದರಾಬಾದಿನ ಹೊರಗೆ ಹೊಸದಾಗಿ ಆಗಿರುವ ಆಟದ ಪಾರ್ಕಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯಲಿರುವವನು, ಪ್ರಸ್ಥಾನ ಇಡಲು ಹೊರಟಿದ್ದೇನೆ ಎಂದು ಯಾರಿಗೆ ಹೇಳುವುದು? ಆದರೆ ರಜೆ ಕೂಡಿಬಂದದ್ದು ಶನಿವಾರಕ್ಕೆ, ರೋಜಾ ಓಣಿಯ ಖಮರುದ್ದೀನನ ಬಾಡಿಗೆ ಗಾಡಿ ಸಿಕ್ಕದ್ದೂ ಶನಿವಾರಕ್ಕೆ. ಶನಿವಾರ ಪೂರ್ವ ದಿಕ್ಕಿಗೆ ವಾರಶೂಲೆ, ಆ ಕಡೆ ಹೊರಡಬಾರದು; ಹೈದರಾಬಾದು ಪೂರ್ವಕ್ಕೇ ಇದೆ. ದೋಷ ತಪ್ಪಿಸಲು ಹಿರಿಯರು ಹಾಕಿಕೊಟ್ಟ ದಾರಿ ಒಂದೇ. ಒಳ್ಳೆಯ ದಿನ ನೋಡಿ, ಹೊರಟವರ ಮೈಮೇಲಿನದೊಂದು ಅರಿವೆಯನ್ನು ಗಂಟು ಕಟ್ಟಿ, ಹೋಗುವ ದಾರಿಯಲ್ಲಿರುವ ಆಪ್ತರ ಮನೆಯಲ್ಲಿ ಇಟ್ಟು ಬರಬೇಕು. ಅರಿವೆ ಹೋಯಿತೆಂದರೆ ಮನುಷ್ಯ ಹೋದ ಹಾಗೆ. ಉಳಿದ ಮೈ ಶನಿವಾರ ಹಿಂದಿನಿಂದ ಹೋದರೆ ನಡೆಯುತ್ತದೆ. ಹಾಗೆ ಹೊರಟವರು ಮತ್ತೆ ಹೊಸ್ತಿಲು ದಾಟಿ ಮನೆಯೊಳಗೆ ಬರಬಾರದು, ಆ ಮನೆಯ ಅನ್ನ ಉಣ್ಣಬಾರದು ಎಂಬ ಕಟ್ಟೂ ಹಿಂದೆ ಇತ್ತಂತೆ. ಈಗ ಅದನ್ನು ಯಾರು ಪಾಲಿಸುತ್ತಾರೆ?

ಹೊರಗೆ ಬಿಸಿಲು ಏರುತ್ತಿತ್ತು. ಬಂಡು ಕಣ್ಣು ಮುಚ್ಚಿದರೆ ಪಡಸಾಲೆಯ ನೆಲವೇ ಕಾಣುತ್ತಿತ್ತು. ಅವರ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಟೈಮ್‌ಟೇಬಲ್ ಹಾಕುವವನು ಅವನೇ. ಒಬ್ಬ ಮೇಷ್ಟರಿಗೆ ಒಂದೇ ಹೊತ್ತಿನಲ್ಲಿ ಎರಡು ಕಡೆ ಪಾಠ ಬಿದ್ದ ಉದಾಹರಣೆ ಅವನ ಕಾಲದಲ್ಲಿ ಇಲ್ಲ. ಆ ಹೆಮ್ಮೆಯಿಂದಲೇ ಬ್ರಹ್ಮಪುರ ಓಣಿಯ ತನ್ನ ಮನೆಯ ಶಹಾಬಾದಿ ಹಾಸುಗಲ್ಲಿನ ಪರಸಿಯ ಮೇಲೆ ಸೀಮೆಸುಣ್ಣದಿಂದ ಪ್ರವಾಸದ ಇಡೀ ದಿನವನ್ನು ಹಾಸಿದ್ದ. ಒಂದು ಕಲ್ಲಿಗೆ ಒಂದು ಹೊತ್ತು: ಇದು ಹೊರಡುವುದು, ಇದು ಹುಮನಾಬಾದಿನ ಚಹಾ, ಇದು ಪಾರ್ಕಿನ ಬಾಗಿಲು, ಒಣ ಆಟಗಳು ಮೊದಲು, ನೀರಿನ ಆಟಗಳು ಆಮೇಲೆ, ಒದ್ದೆ ಬಟ್ಟೆಯಲ್ಲಿ ಯಾರೂ ಜೋಕಾಲಿಗೆ ನಿಲ್ಲಬಾರದಲ್ಲ. ಅಡ್ಡಸಾಲಿಗೆ ಒಬ್ಬೊಬ್ಬರ ಹೆಸರು. ಅವನು, ಹೆಂಡತಿ ಇಂದೂಬಾಯಿ, ಮಕ್ಕಳು ಪಮ್ಮಿ ಮತ್ತು ಚಿಕ್ಕವಳು. ಎಲ್ಲಕ್ಕೂ ಕೆಳಗಿನ ಸಾಲಿನಲ್ಲಿ ಅತ್ಯಾ, ಅಂದರೆ ಅವನ ಅಪ್ಪನ ತಂಗಿ ತುಂಗಾಬಾಯಿ. ಆ ಸಾಲಿನುದ್ದಕ್ಕೂ ಒಂದೇ ಗೆರೆ ಎಳೆದು ‘ದೀಪ, ನೈವೇದ್ಯ’ ಎಂದು ಬರೆದಿದ್ದ. ತಾಯಿಯಿಲ್ಲದ ಬಂಡುವನ್ನೂ ಸಕ್ಕೂಬಾಯಿಯನ್ನೂ ಬೆಳೆಸಿದವಳು ಅದೇ ಅತ್ಯಾ. ದಿನ ಬೆಳಿಗ್ಗೆ ನೆಲ ಸಾರಿಸುವಾಗ ಆಕೆ ಒದ್ದೆ ಅರಿವೆಯನ್ನು ಸೀಮೆಸುಣ್ಣದ ಗೆರೆಯ ಅಂಚಿನವರೆಗೆ ತಂದು, ಗೆರೆಗೆ ತಾಗದಂತೆ ಹೊರಳಿಸಿಕೊಂಡು ಹೋಗುತ್ತಿದ್ದಳು. ಒಂದು ಅಕ್ಷರವೂ ಕದಡಿರಲಿಲ್ಲ.

ಒಂದು ಸಂಜೆ ಪಮ್ಮಿ ಪಾರ್ಕಿನ ಬಣ್ಣದ ಕಾಗದವನ್ನು ಹರವಿಕೊಂಡು ಕೂತಿದ್ದಾಗ ತುಂಗಾಬಾಯಿ ತನ್ನ ವಿಧವೆಯ ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮೆಲ್ಲಗೆ ಬಗ್ಗಿ ನೋಡಿದ್ದಳು.

“ಈ ಜೋಕಾಲಿ ಭಾಳ ಎತ್ತರಕ್ಕ ಹೋಗ್ತದೇನೋ ಬಂಡು?”

“ಹೋಗ್ತದ ಅತ್ಯಾ. ನೀವು ಕೂತ್ರಂತೂ ವೈಕುಂಠ ಮುಟ್ಟಿಸೇ ತಿರುಗಿ ತರ್ತದ.”

ಮಕ್ಕಳು ಬಿದ್ದು ಬಿದ್ದು ನಕ್ಕವು. “ಅಜ್ಜೀನೂ ಬರ್ಲಿ ಅಪ್ಪಾ!” ಎಂದು ಪಮ್ಮಿ ಕುಣಿದಾಗ ಬಂಡುವಿಗೆ ಮಾತಿನ ಹುರುಪು ಹತ್ತಿತ್ತು. “ಬರ್ಲಿ, ಯಾರು ಬ್ಯಾಡ ಅಂದಾರ? ಮುಂದಿನ ಸೀಟು ಅತ್ಯಾಂದೇ!”

“ಸಾಕ್ರೀ, ಹಿರೇರ ಜೋಡಿ ಏನ್ ಮಷ್ಕಿರಿ,” ಎಂದು ಒಳಗಿನಿಂದ ಇಂದೂಬಾಯಿ ಗದರಿದ್ದಳು. ತುಂಗಾಬಾಯಿಯೂ ನಕ್ಕಿದ್ದಳು, ಸೆರಗಿನ ತುದಿ ಬಾಯಿಗಿಟ್ಟುಕೊಂಡು. ಆಮೇಲೆ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಸಕ್ಕೂಬಾಯಿಯ ಮನೆಯಲ್ಲಿ ತಟ್ಟೆಯ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು ಇಟ್ಟಿದ್ದರು. ಗಂಟು ಇಟ್ಟುಕೊಳ್ಳುವ ಮನೆಯ ಮುತ್ತೈದೆ ಅದನ್ನು ಬಿಚ್ಚಿ, ಹೊರಟವರ ಹೆಸರು ಹಿಡಿದು, ಒಂದೊಂದು ಅರಿವೆಗೂ ಅಕ್ಷತೆ ಹಾಕಿ ಮತ್ತೆ ಕಟ್ಟಬೇಕು. ಸಕ್ಕೂಬಾಯಿ ದೇವರ ಮನೆಯ ಮುಂದೆ ಕೂತು ಗಂಟು ಬಿಚ್ಚಿದಳು. “ಇದು ನಮ್ಮ ಬಂಡೂಂದು,” ಎಂದು ಉತ್ತರೀಯವನ್ನು ಬದಿಗಿಟ್ಟಳು. “ಇದು ಇಂದೂಂದು. ಇದು ಪಮ್ಮೀದು. ಇದು ಸಣ್ಣಾಕೀದು, ಯವ್ವಾ, ಏನ್ ಗಿಡ್ಡ ಫ್ರಾಕಪಾ ಇದು!” ನಗುತ್ತಿದ್ದವಳ ಕೈ ನಿಂತಿತು. ಎಲ್ಲಕ್ಕೂ ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಗಿಳಿಹಸಿರು ಬಣ್ಣದ ಪುಟ್ಟ ಪರಕಾರವೊಂದಿತ್ತು, ಏಳೆಂಟು ವರ್ಷದ ಹುಡುಗಿ ಉಡುವಷ್ಟು ಗಿಡ್ಡ ಲಂಗ. ಅಂಚು ಕೆಂಪು, ಮಡಿಕೆ ಬಿದ್ದಲ್ಲೆಲ್ಲ ರೇಷ್ಮೆ ಸೀಳಿತ್ತು. ಕರ್ಪೂರ ಮತ್ತು ಕಬ್ಬಿಣದ ಪೆಟ್ಟಿಗೆಯ ವಾಸನೆ ಎದ್ದಿತು.

ಬಂಡುವಿಗೆ ಮೊದಲು ಹುಟ್ಟಿದ್ದು ಭಯ. ಇದು ತನ್ನ ಮಕ್ಕಳದಲ್ಲ. ಮನೆಯಲ್ಲಿ ಇನ್ಯಾವ ಹುಡುಗಿಯೂ ಇಲ್ಲ. ಹಾಗಾದರೆ ತಾನು ಬೆಳಿಗ್ಗೆಯಿಂದ ತೊಡೆಯ ಮೇಲೆ ಹಿಡಿದುಕೊಂಡು ಬಂದದ್ದು ಯಾರನ್ನು? ಅವನ ಕಿವಿಯಲ್ಲಿ ಬಸ್ಸಿನ ಸದ್ದು ಇನ್ನೂ ಮೊರೆಯುತ್ತಿತ್ತು. ಅದರ ನಡುವೆ ಅಕ್ಕನ ಧ್ವನಿ ಬಹಳ ದೂರದಿಂದ ಬಂದಂತೆ ಕೇಳಿತು.

“ಇದು ಅತ್ಯಾಂದು.”

“ಅತ್ಯಾಂದಾ?”

“ಆಕಿ ಪೆಟಗಿ ತಳದಾಗ ಇದ್ದದ್ದು. ನಾ ಸಣ್ಣಾಕಿದ್ದಾಗ ಒಮ್ಮೆ ತೆಗದು ನೋಡಿ ಹೊಡತ ತಿಂದಿದ್ದೆ.” ಸಕ್ಕೂಬಾಯಿ ಪರಕಾರವನ್ನು ಬಿಡಿಸಲಿಲ್ಲ, ಮಡಿಕೆಯ ಮೇಲೆ ಅಂಗೈ ಇಟ್ಟು ಕೂತಳು. “ಕೆಂಪು ಸೀರಿ ಚೂರು ಇಟ್ರ ನಿಮ್ಮೆಲ್ಲಾರ ಪ್ರಯಾಣಕ್ಕ ಅಪಶಕುನ ಆದೀತಂತ ಅಂಜ್ಯಾಳ, ಬಂಡು. ಬಣ್ಣದ ಅರಿವಿ ಅಂತ ಆಕೀ ಹತ್ರ ಬ್ಯಾರೆ ಏನದ?” ಹಾಗೇ ತಲೆ ಎತ್ತಿ ಕೇಳಿದಳು: “ನೀ ಆಕೀಗಿ ಬಾ ಅಂದಿದ್ದೇನು?”

“ಮಷ್ಕಿರಿಗೆ ಅಂದಿದ್ದೆ ಅಕ್ಕಾ.”

“ಮಷ್ಕಿರಿ ಅಂತ ಆಕೀಗಿ ಯಾರು ಹೇಳ್ಯಾರ?”

ಬಂಡುವಿನ ಮನಸ್ಸು ನೆಲದ ಮೇಲಿನ ಸೀಮೆಸುಣ್ಣದ ಮನೆಗಳಲ್ಲಿ ಓಡಾಡುತ್ತಿತ್ತು. ದೇವರ ದೀಪ ಯಾರು ನೋಡಬೇಕು? ಹೊರಗಿನ ಅನ್ನ ಮುಟ್ಟದವಳು, ನಳದ ನೀರು ಕುಡಿಯದವಳು ದಿನವಿಡೀ ಏನು ಮಾಡಿಯಾಳು? ಇವೆಲ್ಲ ನಿಜವಾದ ತೊಡಕುಗಳೇ, ಒಂದೊಂದನ್ನೂ ಅಕ್ಕನ ಮುಂದೆ ಇಡಬಹುದಿತ್ತು. ಆದರೆ ಅವುಗಳ ಅಡಿಯಲ್ಲಿ, ಪರಕಾರದ ಹಾಗೆಯೇ ತಳದಲ್ಲಿ, ಇನ್ನೊಂದು ಚಿತ್ರವಿತ್ತು: ಪಾರ್ಕಿನ ಬಾಗಿಲಲ್ಲಿ ಬಣ್ಣಬಣ್ಣದ ಬಟ್ಟೆ ತೊಟ್ಟ ಜನ ಸಾಲುಗಟ್ಟಿರುವಾಗ, ನಡುವೆ ಹಣೆಯವರೆಗೆ ಸೆರಗೆಳೆದ ಕೆಂಪು ಸೀರೆ; ತಿರುಗಿ ತಿರುಗಿ ನೋಡುವ ಮುಖಗಳು; ಅವು ಆ ಸೀರೆಯಿಂದ ತನ್ನ ಕಡೆಗೆ ಹೊರಳುವ ಆ ಕ್ಷಣ. ಅದನ್ನು ಕಂಡದ್ದೇ ತಡ, ಅವನ ಕೈ ತಾನಾಗಿ ಮುಂದೆ ಹೋಗಿ ಅಕ್ಕನ ಅಂಗೈಯ ಕೆಳಗಿನಿಂದ ಪರಕಾರವನ್ನು ಎಳೆದುಕೊಂಡಿತು.

“ಇಟ್ಟ ಪ್ರಸ್ಥಾನ ತಿರುಗಿ ಒಯ್ಯಬಾರದು,” ಎಂದಳು ಸಕ್ಕೂಬಾಯಿ.

“ಇನ್ನೂ ಇಟ್ಟಿಲ್ಲಲ್ಲ. ಅಕ್ಷತಿ ಬಿದ್ದಿಲ್ಲ, ಗಂಟು ಕಟ್ಟಿಲ್ಲ.”

ಕಚೇರಿಯ ಧ್ವನಿಯಲ್ಲಿ ಹೇಳಿದ್ದ, ಅರ್ಜಿ ತಿರುಗಿಸುವವನಂತೆ. ತಟ್ಟೆಯ ಬಾಳೆಹಣ್ಣು ಹಾಗೇ ಉಳಿಯಿತು.

ಹಿಂತಿರುಗುವ ಬಸ್ಸಿನಲ್ಲಿ ಕೂತು ಹೋಗಲು ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತವನ ಹೆಗಲ ಚೀಲ ಪ್ರತಿ ತಗ್ಗಿಗೂ ಪಕ್ಕೆಲುಬಿಗೆ ಬಡಿಯುತ್ತಿತ್ತು. ಒಳಗೆ ಇರುವುದು ಅಂಗೈಯಗಲದ ಹಳೆಯ ಅರಿವೆ, ಇಷ್ಟು ಭಾರ ಹೇಗೆ? ಗಾಡಿ ಗೊತ್ತುಮಾಡಲು ಹೋದಾಗ ಖಮರುದ್ದೀನ್ ಹೇಳಿದ್ದು ನೆನಪಾಯಿತು: “ಸಾಬ್, ಮಂದಿ ನಾಕೇ ಏನ್ರೀ? ಬಡೀ ಅಮ್ಮಾನ್ನ ಬಿಟ್ಟು ಹೊಂಟೀರಾ? ಖಾಲಿ ಸೀಟು ಹೊತ್ಕೊಂಡು ಹೋಗೋದು ನಮ್ಮ ಗಾಡೀಗೂ ಬೇಜಾರು ನೋಡ್ರಿ.” ತಾನು ನಕ್ಕು, ಅವರಿಗೆ ಆಗಿಬರೂದಿಲ್ಲ ಬಿಡು ಎಂದಿದ್ದ. ಯಾರಿಗೆ ಆಗಿಬರುವುದಿಲ್ಲ? ಮದುವೆಯ ದಿನ ಮಂಗಲಾಷ್ಟಕ ನಡೆಯುವಾಗಲೂ ಹೀಗೇ ಆಗಿತ್ತು. ಅಂತರಪಟದ ಈಚೆ ಬಾಸಿಂಗ ಕಟ್ಟಿಕೊಂಡು ನಿಂತವನಿಗೆ ಉಗ್ರಾಣದ ಜಾಲಂಧ್ರದಲ್ಲಿ ಒಂದು ಚೂರು ಕೆಂಪು ಕಂಡಿತ್ತು. ತನಗೆ ಎಣ್ಣೆ ಹಚ್ಚಿ ಎರೆದು ಬೆಳೆಸಿದವಳು ಲಾಡಿನ ಬುಟ್ಟಿಗಳ ನಡುವೆ ನಿಂತು, ಯಾರ ಕಣ್ಣಿಗೂ ಬೀಳದ ಹಾಗೆ, ತನ್ನ ಹುಡುಗನ ಮದುವೆ ನೋಡುತ್ತಿದ್ದಾಳೆ. ಆಗ ಬಂಡು ಏನು ಮಾಡಿದ? ಕಣ್ಣು ತಗ್ಗಿಸಿದ. ಎಲ್ಲರೂ ಅದನ್ನು ಮದುಮಗನ ನಾಚಿಕೆ ಅಂದುಕೊಂಡರು, ಫೋಟೋದಲ್ಲೂ ಅದು ಹಾಗೇ ಬಂದಿದೆ, ಗೋಡೆಯ ಮೇಲೆ ಇನ್ನೂ ಇದೆ. ಬಸ್ಸು ನಿಂತು ಯಾರೋ ಇಳಿದರು. ಪರಕಾರವನ್ನು ಅತ್ಯಾ ಇಲ್ಲದ ಹೊತ್ತು ನೋಡಿ ಪೆಟ್ಟಿಗೆಯ ತಳದಲ್ಲಿ ಇಟ್ಟುಬಿಡಬೇಕು ಎಂದು ಅವನು ಗೊತ್ತುಮಾಡಿಕೊಂಡ. ಆಕೆ ಬಾಯಿಬಿಟ್ಟು ಕೇಳುವವಳಲ್ಲ. ಕೇಳದಿದ್ದರೆ ಹೇಳಬೇಕಾದದ್ದೇನೂ ಇರುವುದಿಲ್ಲ. ಹೀಗೆ ಅಂದುಕೊಂಡದ್ದೇ ಹಗುರಾಯಿತು. ಹಗುರಾದದ್ದು ಗೊತ್ತಾಗಿ ಚೀಲವನ್ನು ಮೈಯಿಂದ ದೂರ ಸರಿಸಿ ನಿಂತ.

ಓಣಿಯ ತಿರುವಿನಲ್ಲೇ ಅವನಿಗೆ ಕೆಂಪು ಸೀರೆ ಕಂಡಿತು. ತಮ್ಮ ಮನೆಯಲ್ಲಲ್ಲ, ಎದುರುಮನೆ ವಿಮಲಾಬಾಯಿಯ ಕಟ್ಟೆಯ ಮೇಲೆ. ನೆರಳು ಸರಿದುಹೋಗಿ ಅರ್ಧ ಮೈಮೇಲೆ ಬಿಸಿಲು ಬಿದ್ದಿತ್ತು. ಪಕ್ಕದಲ್ಲಿ ಕೈಚೀಲ, ಬಾಯಿಗೆ ಅರಿವೆ ಕಟ್ಟಿದ ತಾಮ್ರದ ತಂಬಿಗೆ. ಇಂದೂಬಾಯಿ ತಮ್ಮ ಬಾಗಿಲಲ್ಲಿ ನಿಂತು ಏನು ಮಾಡಬೇಕೆಂದು ತಿಳಿಯದೆ ಸೆರಗು ಹಿಂಡುತ್ತಿದ್ದಳು.

“ನೋಡ್ರಿ ಬಂಡೂರಾವ್,” ಎಂದು ವಿಮಲಾಬಾಯಿ ಒಳಗಿನಿಂದಲೇ ದೊಡ್ಡ ದನಿ ತೆಗೆದಳು, “ನಿಮ್ಮ ಅತ್ಯಾ ಮುಂಜಾನಿಂದ ನಮ್ಮ ಕಟ್ಟಿ ಗುತ್ತಿಗಿ ಹಿಡದಾರ! ಒಳಗ ಬರ್ರಿ ಅಂದ್ರ ಒಲ್ಲೆ, ಊಟಕ್ಕ ಏಳ್ರಿ ಅಂದ್ರ ಅವಲಕ್ಕಿ ಕಟಗೊಂಡೀನಿ ಅಂತಾರ. ಊರಿಗಿ ಹೊಂಟವರು ಹಂಗs ಇರಬೇಕಂತ!”

“ನೀವು ಬಸ್ಸಿಗೆ ಹೋದ ಕೂಡಲೇ ಹೊರಗ ಬಂದ್ರು,” ಎಂದಳು ಇಂದೂಬಾಯಿ, ಅರ್ಧ ನಗು, ಅರ್ಧ ಅಳುವಿನಲ್ಲಿ. “ಪ್ರಸ್ಥಾನ ಹೋಗೇದ, ಇನ್ನ ನಾ ಹೊಸ್ತಿಲಾ ದಾಟೂದಿಲ್ಲ ಅಂತಾರ. ನನಗೇನೂ ಗೊತ್ತಿಲ್ಲರೀ. ನೀವು ಹೇಳಿದ್ರೇನು ಅವರಿಗೆ?”

“ದೀಪದ ಚಿಂತಿ ಬ್ಯಾಡ,” ವಿಮಲಾಬಾಯಿ ಮುಂದುವರಿಸಿದಳು. “ಬಣ್ಣದ ಕಾಗದ ಬಂತಲ್ಲ, ಅದರ ಮರುದಿನವೇ ಬಂದು ನಮ್ಮವರಿಗೆ ಹೇಳಿಟ್ಟಾರ. ಪೂಜಿ ಅವರು ಮಾಡ್ತಾರ, ನೈವೇದ್ಯ ನಾ ಮಾಡ್ತೀನಿ.”

ಬಂಡು ಓಣಿಯ ನಡುವೆಯೇ ನಿಂತ. ತಾನು ಅಕ್ಕನ ಮುಂದೆ ಇಡಬಹುದೆಂದು ಕೂಡಿಸಿಕೊಂಡಿದ್ದ ಒಂದೊಂದು ತೊಡಕನ್ನೂ ಈ ಮುದುಕಿ ತನಗಿಂತ ಮೊದಲೇ ಬಿಡಿಸಿ ಕೂತಿದ್ದಾಳೆ: ದೀಪ, ನೈವೇದ್ಯ, ಅವಲಕ್ಕಿ, ತಂಬಿಗೆಯಲ್ಲಿ ನೀರು. ಎಲ್ಲಿಯೂ ಒಂದಕ್ಕೊಂದು ತಾಕಾಟವಿಲ್ಲದ ವೇಳಾಪಟ್ಟಿ. ಉಳಿದ ತೊಡಕು ಅವನೊಬ್ಬನೇ. ಕಾಲುಗಳು ತಾವಾಗಿ ಕಟ್ಟೆಯ ಕಡೆಗೆ ನಡೆದವು.

“ಬಂದೇನೋ? ಬಿಸಲು ಭಾಳ ಆತು ನಿನಗ,” ಎಂದಳು ತುಂಗಾಬಾಯಿ. ಆಕೆಯ ಮುಖದಲ್ಲಿ ಅವನು ಎಂದೂ ಕಾಣದ ಹುಡುಗಾಟವೊಂದಿತ್ತು; ಅದನ್ನು ನೋಡಲಾರದೆ ತಂಬಿಗೆ ನೋಡಿದ. “ನೀ ಅಂದ ಮ್ಯಾಲೂ ಆ ರಾತ್ರಿಯೆಲ್ಲಾ ಮನಸು ಗಟ್ಟಿ ಆಗವಲ್ದಾಗಿತ್ತು. ಆ ಜೋಕಾಲಿ ಚಿತ್ರ ನೋಡಿದ್ನಲ್ಲ, ಅದೊಂದು. ನಿನಗ ಗೊತ್ತಿಲ್ಲ, ನಾಗರ ಪಂಚಮಿ ದಿವಸ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ರು. ನಾ ಜೀಕ್ಲಿಕತ್ತಿದ್ದೆ, ಅರ್ಧಾ ಮ್ಯಾಲ ಹೋಗಿದ್ದೆ ನೋಡು. ಅಷ್ಟ್ರಾಗ ಗಂಡನ ಮನಿ ಊರಿಂದ ಆಳು ಬಂದ. ಹಗ್ಗ ಹಿಡದು ನಿಲ್ಲಿಸಿ ಇಳಿಸಿದ್ರು. ಯಾರು ಸತ್ರು, ಯಾಕ ಅಳ್ಲಿಕತ್ತಾರ, ನನಗೇನು ತಿಳೀತದ? ಆ ಮನುಷ್ಯಾನ್ನ ನಾ ನೋಡಿದ್ದು ಒಮ್ಮೆ. ಬಳಿ ಒಡಿಯೋ ಮುಂದ ನಮ್ಮವ್ವಗ ಕೇಳಿದೆ, ತಿರುಗಿ ಯಾವಾಗ ಕೂಡಸ್ತಿ ಅಂತ.” ಆಕೆ ನಕ್ಕಳು. ನಗುವಾಗ ಸೆರಗು ಬಾಯಿಗೆ ಬರಲಿಲ್ಲ. “ಇರ್ಲಿ. ಸಕ್ಕು ಏನಂದ್ಲು? ಎಲ್ಲಿಟ್ಲು?”

“ದೇವರ ಮನ್ಯಾಗ.”

“ಎಲ್ಲಾರದೂ?”

ಈಗ ಹೇಳಬಹುದಿತ್ತು. ಇಲ್ಲವೆ, ಹೊಸ್ತಿಲು ದಾಟದೆ ಇಲ್ಲಿಂದಲೇ ತಿರುಗಿ ಬಸ್‌ಸ್ಟ್ಯಾಂಡಿಗೆ ಓಡಬಹುದಿತ್ತು. ಹೊತ್ತು ಇನ್ನೂ ಇತ್ತು. ಓಣಿಯ ಪ್ರತಿ ಕಲ್ಲೂ, ಕಟ್ಟೆಯ ಬಿರುಕಿನಲ್ಲಿ ಹರಿಯುತ್ತಿದ್ದ ಇರುವೆ ಸಾಲೂ ಅವನಿಗೆ ಹೆದರಿಕೆಯಾಗುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು.

“ಎಲ್ಲಾರದೂ,” ಎಂದ.

ಹಾಗೆ ಅಂದಾಗ ತುಂಗಾಬಾಯಿಯ ಕಣ್ಣು ಅವನ ಮುಖದ ಮೇಲೆ ಇರಲಿಲ್ಲ. ಅವನ ಹೆಗಲ ಚೀಲದ ಹೊಲಿಗೆ ಬಿಚ್ಚಿದ ಮೂಲೆಯಲ್ಲಿ ಇತ್ತು. ಬಂಡು ಆ ನೋಟದ ಹಿಂದೆಯೇ ತಾನೂ ನೋಡಿದ. ಬಸ್ಸಿನ ಕುಲುಕಾಟಕ್ಕೆ ಪರಕಾರದ ಒಂದು ಅಂಚು ಹೊರಗೆ ಬಂದಿತ್ತು, ಬೆರಳಗಲ, ಗಿಳಿಹಸಿರು. ಬಿಸಿಲಿಗೆ ಅದು ಹೊಸದರಂತೆ ಹೊಳೆಯುತ್ತಿತ್ತು. ಬೈಗುಳ ಬರಲಿ, ಶಾಪ ಬರಲಿ, ಆಕೆ ಎದೆ ಬಡಿದುಕೊಂಡು ಓಣಿ ಕೂಡಿಸಲಿ ಎಂದು ಕಾದ. ತುಂಗಾಬಾಯಿಯ ಕೈ ಮೇಲೆದ್ದಿತು. ಅವನು ಹೊಡೆತಕ್ಕೆ ಕಾದವನಂತೆ ಕಣ್ಣು ಮುಚ್ಚಿದ. ಕೈ ಅವನ ಕೆನ್ನೆಯನ್ನು ದಾಟಿ ಚೀಲಕ್ಕೆ ಹೋಯಿತು. ಎರಡು ಬೆರಳಿನಿಂದ ಆ ಹಸಿರು ಅಂಚನ್ನು ಮೆಲ್ಲಗೆ ಒಳಗೆ ತುರುಕಿ, ಬಿಚ್ಚಿದ ಹೊಲಿಗೆಯನ್ನು ಒಂದಕ್ಕೊಂದು ಒತ್ತಿ, ಮೇಲೊಂದು ಸಲ ತಟ್ಟಿತು.

“ಚೀಲ ಹರದದ ನೋಡು,” ಎಂದಳು. “ಯಾರರ ನೋಡ್ಯಾರು.”

ಆಮೇಲೆ ಕಟ್ಟೆಗೆ ಕೈಯೂರಿ ಎದ್ದಳು. ತಂಬಿಗೆಯ ಅರಿವೆ ಬಿಚ್ಚಿ ನೀರನ್ನು ವಿಮಲಾಬಾಯಿಯ ತುಳಸಿಗೆ ಹಾಕಿದಳು. “ವಿಮಲಾ, ನಿಮ್ಮವರಿಗೆ ತ್ರಾಸ ಬ್ಯಾಡವಾ. ಬಿಸಲಾಗ ಕೂತು ತಲಿ ನೋಯ್ಲಿಕತ್ತದ, ಅಷ್ಟು ದೂರ ಗಾಡಿ ನನಗೆಲ್ಲಿ ಆಗ್ತದ? ದೀಪ ನಾನs ನೋಡ್ಕೋತೀನಿ.” ಓಣಿ ದಾಟಿ, ಇಂದೂಬಾಯಿಯನ್ನು ಬದಿಗೆ ಸರಿಸಿ, ಬಲಗಾಲಿಟ್ಟು ಹೊಸ್ತಿಲು ದಾಟಿ ಒಳಗೆ ಹೋದಳು. ಬಂಡುವನ್ನು ಬಡಿದು ಹಾಕಿದ್ದು ತನ್ನ ಸುಳ್ಳಲ್ಲ, ಸಿಕ್ಕಿಬಿದ್ದದ್ದೂ ಅಲ್ಲ. ಆ ಸುಳ್ಳಿಗೆ ಆಕೆಯೇ ಹೊಲಿಗೆ ಹಾಕಿ ಹೋದಳಲ್ಲ, ಅದು. ಮರುದಿನ ಬೆಳಿಗ್ಗೆ ನೆಲ ಸಾರಿಸಿತ್ತು. ಸೀಮೆಸುಣ್ಣದ ಒಂದು ಗೆರೆಯೂ ಕದಡಿರಲಿಲ್ಲ.

ಶನಿವಾರ ಎಲ್ಲವೂ ಆ ಗೆರೆಗಳ ಪ್ರಕಾರವೇ ನಡೆಯಿತು. ಖಮರುದ್ದೀನನ ಪಕ್ಕದ ಮುಂದಿನ ಸೀಟಿನಲ್ಲಿ ನೀರಿನ ಕ್ಯಾನು ಕೂತು ಹೋಯಿತು. ದಾರಿಯಲ್ಲಿ ಸಕ್ಕೂಬಾಯಿ ಗಂಟನ್ನು ಬಾಗಿಲಿಗೇ ತಂದು ಇಂದೂಬಾಯಿಯ ಕೈಗೆ ಕೊಟ್ಟಳು, ತಮ್ಮನ ಮುಖ ನೋಡಲಿಲ್ಲ. ಪಾರ್ಕಿನಲ್ಲಿ ದೊಡ್ಡ ಜೋಕಾಲಿಯ ಸರದಿ ಬಂದಾಗ ಮಕ್ಕಳೂ ಹೆಂಡತಿಯೂ ಹತ್ತಿದರು. ಬಂಡು ಅವರ ಚಪ್ಪಲಿ ಕಾಯುತ್ತ ಕೆಳಗೆ ನಿಂತ. ಪರಕಾರವನ್ನು ಪೆಟ್ಟಿಗೆಗೆ ಹಿಂತಿರುಗಿಸಲು ಅವನಿಗೆ ಆಗಲಿಲ್ಲ, ಆಕೆಯೂ ಕೇಳಲಿಲ್ಲ. ದೀಪಾವಳಿಗೆ ಅಕ್ಕನ ಮನೆಗೆ ಬಂದವನು ಅದನ್ನು ದೇವರ ಮನೆಯ ಮುಂದಿಟ್ಟು ಹೋದ.

ಸಕ್ಕೂಬಾಯಿ ಇಲ್ಲಿಗೆ ನಿಲ್ಲಿಸಿ ಮೊರವನ್ನು ಒಮ್ಮೆ ಕೇರಿದರು. ದುಂಡಮ್ಮ ಬಾಯಿಯ ಮೇಲಿಟ್ಟ ಕೈ ತೆಗೆದಿರಲಿಲ್ಲ. ಕೊನೆಗೆ ಕೈ ತೆಗೆದು ಹೇಳಿದಳು: “ಹಂಗಲ್ರೀ ಬಾಯಾರ. ಕಲಬುರಗಿ ಜಗತ್ ಕಡಿ ನಮ್ಮ ಬೀಗರು ಬ್ಯಾರೆ ಹೇಳ್ತಾರ. ಬಂಡೂರಾಯರು ಆವತ್ತೇ ತಿರುಗಿ ಕಮಲಾಪುರಕ್ಕ ಓಡಿ ಬಂದ್ರಂತ, ಹಸರು ಪರಕಾರ ಗಂಟಿನ್ಯಾಗ ಇಟ್ರಂತ. ಮುದುಕೀನ ಮುಂದಿನ ಸೀಟಿನ್ಯಾಗ ಕೂಡಿಸ್ಕೊಂಡು ಹೋದ್ರಂತ. ಜೋಕಾಲಿ ಮುಗಲಿಗೆ ಹೋತಂತ.”

“ಮಂದಿ ಹಂಗ ಹೇಳ್ತಾರ,” ಎಂದರು ಸಕ್ಕೂಬಾಯಿ. “ಗಂಟು ಇದ್ದದ್ದು ನನ್ನ ಮನ್ಯಾಗ. ಆವತ್ತು ದೀಪ ಹಚ್ಚೋತನಾ ನಾ ಅದನ್ನ ಕಟ್ಟಿರಲಿಲ್ಲ, ಬಿಚ್ಚೇ ಇಟ್ಟಿದ್ದೆ. ಕಲಬುರಗಿ ಬಸ್ಸಿನ ಸಪ್ಪಳ ಆದಾಗೆಲ್ಲ ಬಾಗಲಿಗಿ ಹೋಗಿ ನೋಡ್ತಿದ್ದೆ.” ಬೇಳೆಯೊಳಗಿನ ಹರಳೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದರು. “ಯಾರೂ ಬರ್ಲಿಲ್ಲ. ಆಮ್ಯಾಲ ಕಟ್ಟಿದೆ.”

ಬೇಳೆ ಮುಗಿದಿತ್ತು. ಭೀಮಬಾಯಿ ಮೊರ ಕೊಡವಿಕೊಂಡು ಎದ್ದಳು, ಉಳಿದವರೂ ಎದ್ದರು. ಬಾಗಿಲ ತನಕ ಹೋದ ದುಂಡಮ್ಮ ಹೊಸ್ತಿಲ ಈಚೆಗೇ ನಿಂತಳು.

“ಮುದುಕಿ ಈಗ ಅದಾರೇನ್ರೀ?”

“ಅದಾರ. ದೀಪ ಹಚ್ತಾರ.”

ದುಂಡಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬರ್ತೀವ್ರೀ ಎಂಬ ಮಾತನ್ನು ಆ ದಿನ ಯಾರೂ ಆಡಲಿಲ್ಲ. ಒಬ್ಬರ ಹಿಂದೊಬ್ಬರು ಹೊಸ್ತಿಲು ದಾಟಿ, ತಮ್ಮ ತಮ್ಮ ಮನೆಗೆ ಹೋದರು.